ಉಣುಗು ಹರಡುವ ಜ್ವರಗಳ ಎರಡು ಸೀಮೆಗಳು

ಮನುಷ್ಯರನ್ನು ಬಾಧಿಸುವ ಸೋಂಕು ರೋಗಗಳಲ್ಲಿ ಹಲವು ಮನುಷ್ಯರ ಜೊತೆಗೇ ಊರಿಂದೂರಿಗೆ ಸಾಗುತ್ತವೆ. ಸಂತೆ, ಜಾತ್ರೆ, ಬಸ್ಸು, ರೈಲುಗಳಲ್ಲಿ ಜನ ಕೂಡಿದಲ್ಲೆಲ್ಲ ಫ್ಲೂ, ಕ್ಷಯ, ಕೋವಿಡ್‌ಗಳಂಥವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದರಿಂದ, ಜನಸಂಚಾರ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಅವೂ ತಲಪುತ್ತವೆ. ಉಣುಗು ಹರಡುವ ರೋಗಗಳ ರೀತಿ ಬೇರೆ. ಅವು ಒಂದು ಬಗೆಯ ನೆಲ, ಅಲ್ಲಿನ ಗಿಡಮರ, ಅಲ್ಲಿ ಓಡಾಡುವ ಪ್ರಾಣಿಗಳು ಮತ್ತು ಆ ಪ್ರಾಣಿಗಳ ಮೈಗೆ ಹತ್ತುವ ಉಣುಗುಗಳು, ಇಷ್ಟೂ ಕೂಡಿ ಬಂದ ಜಾಗದಲ್ಲಿ ಮಾತ್ರ ನೆಲೆ ನಿಲ್ಲುತ್ತವೆ. ಮನುಷ್ಯ ಆ ಜಾಗಕ್ಕೆ ಕಾಲಿಟ್ಟಾಗ ಅವನಿಗೂ ತಗಲುತ್ತವೆ. ಹೀಗಾಗಿ ಇಂಥ ರೋಗಗಳ ವಿಷಯದಲ್ಲಿ ರೋಗ ಏನು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ರೋಗ ಎಲ್ಲಿಯದು ಎಂಬ ಪ್ರಶ್ನೆ. ಕರ್ನಾಟಕದಲ್ಲಿ ಇಂಥ ಎರಡು ಸೀಮೆಗಳಿವೆ. ಒಂದು, ಮಂಗನ ಕಾಯಿಲೆಯ ಮಲೆನಾಡು. ಇನ್ನೊಂದು, ನಾಯಿ ಮತ್ತು ಜಾನುವಾರುಗಳ ಸುತ್ತ ಸುಳಿಯುವ ಉಣುಗು ಟೈಫಸ್ ಜ್ವರದ ಸೀಮೆ, ಅದರಲ್ಲಿ ಬಯಲುನಾಡೂ ಸೇರಿದೆ. ತುಮಕೂರು ನಗರ, ಗುಬ್ಬಿ, ಕುಣಿಗಲ್‌ಗಳು ಎರಡನೆಯದರ ಒಳಗಿದ್ದು, ಮೊದಲನೆಯದರ ಕಡೆಗೆ ಹೋಗುವ ಹೆದ್ದಾರಿಗಳ ಮೇಲೆ ಇವೆ.

ಉಣುಗಿನ ಬಾಳ್ವೆ

ಬಯಲುಸೀಮೆಯಲ್ಲಿ ಉಣ್ಣೆ ಎಂದೂ ಕರೆಯಲಾಗುವ ಉಣುಗು ಕೀಟವಲ್ಲ. ಜೇಡ, ಚೇಳುಗಳ ವರ್ಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ರಕ್ತವೇ ಅದರ ಆಹಾರ. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲುಗಳಿದ್ದು, ಅದು ಒಂದು ಪ್ರಾಣಿಯ ರಕ್ತ ಹೀರಿ ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಅದು ಮತ್ತೆ ರಕ್ತ ಹೀರಿ ಬೆಳೆದ ಉಣುಗಾಗುತ್ತದೆ. ಬೆಳೆದ ಹೆಣ್ಣು ಕೊನೆಯ ಬಾರಿ ರಕ್ತ ಕುಡಿದು ನೆಲಕ್ಕೆ ಬಿದ್ದು, ನೂರಾರು, ಕೆಲವು ಜಾತಿಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಹಲವು ಜಾತಿಯ ಉಣುಗುಗಳು ಈ ಒಂದೊಂದು ಹಂತದಲ್ಲೂ ಬೇರೆ ಬೇರೆ ಪ್ರಾಣಿಯನ್ನು ಹುಡುಕುವುದರಿಂದ, ಇಲಿಯಿಂದ ಹೊಕ್ಕ ರೋಗಾಣು ಮಂಗಕ್ಕೆ, ಮಂಗದಿಂದ ಹೊಕ್ಕದ್ದು ಮನುಷ್ಯನಿಗೆ ದಾಟಲು ಸಾಧ್ಯವಾಗುತ್ತದೆ. ಉಣುಗು ಸೊಳ್ಳೆಯಂತೆ ಹಾರಲಾರದು, ಚಿಗಟದಂತೆ ನೆಗೆಯಲಾರದು. ಹುಲ್ಲಿನ ತುದಿಯಲ್ಲೋ ದರಗೆಲೆಯ ಮೇಲೋ ಕಾದಿದ್ದು, ಹಾದುಹೋಗುವ ಮೈಗೆ ಅಂಟಿಕೊಂಡು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಚ್ಚಿಕೊಂಡಿರುತ್ತದೆ. ಕಚ್ಚಿದ ಜಾಗದಲ್ಲಿ ನೋವಾಗದಿರುವುದರಿಂದ ಬಹಳ ಜನರಿಗೆ ಉಣುಗು ಕಚ್ಚಿದ್ದೇ ತಿಳಿಯುವುದಿಲ್ಲ.

ಕ್ಯಾಸನೂರಿನಿಂದ ಹೊರಟ ರೋಗ

1957ರ ಬೇಸಿಗೆಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಅದೇ ಸಮಯದಲ್ಲಿ ಕಾಡಂಚಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಮಂಗ ಮತ್ತು ಮನುಷ್ಯ ಒಟ್ಟೊಟ್ಟಿಗೆ ಸಾಯುವುದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರದ ಲಕ್ಷಣವಾದ್ದರಿಂದ, ಆ ರೋಗ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಮೊದಲು ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಅವರಲ್ಲಿ ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪೀಡೊ ಪ್ರಮುಖರು, ಸತ್ತ ಮಂಗಗಳಿಂದ ವೈರಾಣುವನ್ನು ಬೇರ್ಪಡಿಸಿ, ಇದು ಹಳದಿ ಜ್ವರವಲ್ಲ, ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿರದಿದ್ದ ಹೊಸ ವೈರಾಣು ಎಂದು ತೋರಿಸಿದರು. ಅದು ರಷ್ಯಾ ಮತ್ತು ಯುರೋಪಿನ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ವೈರಾಣುಗಳ ಹತ್ತಿರದ ಬಂಧು. ಆ ಪುಣೆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮೊದಲ ವರ್ಷ 466 ಜನರಲ್ಲಿ ಕಂಡ ಆ ರೋಗಕ್ಕೆ ಕ್ಯಾಸನೂರು ಕಾಡಿನ ಹೆಸರು ಅಂಟಿತು. ಜನ ಅದನ್ನು ಮಂಗನ ಕಾಯಿಲೆ ಎಂದರು.

ಜನರಿಟ್ಟ ಹೆಸರಿನಲ್ಲಿ ಮಂಗ ಇದ್ದರೂ ಮಂಗದಿಂದ ಮನುಷ್ಯನಿಗೆ ರೋಗ ಬರುವುದು ಉಣುಗಿನ ಮೂಲಕ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು ಇದರ ಮುಖ್ಯ ವಾಹಕ. ಇಲಿ, ಮೂಗಿಲಿ, ಅಳಿಲು ಮುಂತಾದ ಸಣ್ಣ ಪ್ರಾಣಿಗಳಲ್ಲಿ ವೈರಾಣು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಕಪ್ಪು ಮೋರೆಯ ಮುಸಿಯ ಮತ್ತು ಕೆಂಪು ಮೋರೆಯ ಕೋತಿ ಎರಡಕ್ಕೂ ಸೋಂಕು ತಗಲಿದಾಗ ಅವುಗಳ ರಕ್ತದಲ್ಲಿ ವೈರಾಣು ಹೇರಳವಾಗಿ ಬೆಳೆದು, ಮೈಮೇಲಿದ್ದ ನೂರಾರು ಉಣುಗುಗಳು ಅದನ್ನು ಹೀರಿಕೊಳ್ಳುತ್ತವೆ; ಮಂಗ ಸತ್ತು ಬಿದ್ದ ಜಾಗದಲ್ಲಿ ಆ ಉಣುಗುಗಳೆಲ್ಲ ನೆಲಕ್ಕಿಳಿಯುವುದರಿಂದ ಆ ಸುತ್ತಲ ನೆಲ ಅಪಾಯದ ತಾಣವಾಗುತ್ತದೆ. ದನಗಳ ಪಾತ್ರ ಬೇರೆ ಬಗೆಯದು. ಅವುಗಳಲ್ಲಿ ವೈರಾಣು ಹೆಚ್ಚು ಬೆಳೆಯುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋಗುವ ದನಗಳ ರಕ್ತ ಕುಡಿದೇ ಬೆಳೆದ ಉಣುಗುಗಳು ಮೊಟ್ಟೆಯಿಡುವುದರಿಂದ ಉಣುಗುಗಳ ಸಂಖ್ಯೆ ಹೆಚ್ಚುತ್ತದೆ. ಮನುಷ್ಯ ಈ ಸರಪಳಿಯ ಕೊನೆಯ ಕೊಂಡಿ. ರೋಗಿಯಿಂದ ಆರೈಕೆ ಮಾಡುವವರಿಗೆ, ಮನೆಯವರಿಗೆ ಈ ರೋಗ ಹರಡುವುದಿಲ್ಲ.

ಮಳೆಗಾಲದಲ್ಲಿ ಬೆಳೆದ ಉಣುಗುಗಳಿಟ್ಟ ಮೊಟ್ಟೆಗಳು ಒಡೆದು, ಮಳೆ ನಿಂತ ಮೇಲೆ ಎಳೆಯ ಉಣುಗುಗಳು ದರಗೆಲೆಯ ತುಂಬ ಹರಡಿಕೊಳ್ಳುವುದರಿಂದ, ನವೆಂಬರಿನಿಂದ ಮೇವರೆಗೆ ರೋಗದ ಕಾಲ. ಮಲೆನಾಡಿನ ರೈತ ಕಾಡಿಗೆ ಹೋಗುವ ಕಾಲವೂ ಅದೇ: ಕೊಟ್ಟಿಗೆಗೆ ಹಾಸಲು ದರಗು ಗುಡಿಸುವುದು, ತೋಟಕ್ಕೆ ಸೊಪ್ಪು ತರುವುದು, ಸೌದೆ ಕಡಿಯುವುದು ಎಲ್ಲವೂ ಆ ತಿಂಗಳುಗಳಲ್ಲಿ ನಡೆಯುತ್ತವೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ನೋವು, ವಾಂತಿ, ಎದ್ದು ಕೂರಲಾಗದ ನಿತ್ರಾಣ ಕಾಣಿಸುತ್ತವೆ. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುತ್ತದೆ. ಸುಮಾರು ಶೇಕಡ 10ರಿಂದ 20ರಷ್ಟು ರೋಗಿಗಳಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮತ್ತೆ ಮರುಕಳಿಸಿ, ನಡುಕ, ಗೊಂದಲ, ಕುತ್ತಿಗೆ ಬಿಗಿತದಂಥ ಮೆದುಳಿನ ಲಕ್ಷಣಗಳು ತೋರುತ್ತವೆ. ನೂರು ರೋಗಿಗಳಲ್ಲಿ ಮೂವರಿಂದ ಐವರು ಸಾಯುವ ಈ ರೋಗದ ವೈರಾಣುವನ್ನು ಕೊಲ್ಲುವ ಔಷಧ ಇನ್ನೂ ಇಲ್ಲ. ದ್ರವಾಂಶ ಕಾಪಾಡುವುದು, ರಕ್ತಸ್ರಾವ ಮತ್ತು ಸೆಳವುಗಳನ್ನು ನಿಭಾಯಿಸುವುದು ಮುಂತಾದ ಆರೈಕೆಯೇ ಚಿಕಿತ್ಸೆ.

ಹರವು ಹಿಗ್ಗಿದ ಬಗೆ

ಮೊದಲ ದಶಕದಲ್ಲಿ ಈ ರೋಗ ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳ ಸುತ್ತಲ ಸಣ್ಣ ಪ್ರದೇಶಕ್ಕೆ ಸೀಮಿತವಾಗಿತ್ತು. 1970ರ ದಶಕದಲ್ಲಿ ಉತ್ತರ ಕನ್ನಡದ ಹೊನ್ನಾವರ, ಭಟ್ಕಳಗಳಲ್ಲಿ ಹೊಸ ತಾಣಗಳು ಕಂಡವು. 1982ರ ಕೊನೆಯಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೆ, ಅಲ್ಲಿಯವರೆಗಿನ ದೊಡ್ಡ ಹಾವಳಿಗಳಲ್ಲೊಂದು ಎದ್ದಿತು. ನಂತರ ಉಡುಪಿ, ಚಿಕ್ಕಮಗಳೂರುಗಳಿಗೂ ಹಬ್ಬಿದ ರೋಗ ಬಹುಕಾಲ ಕರ್ನಾಟಕದ ಗಡಿ ದಾಟಲಿಲ್ಲ. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ, ಸತ್ತ ಮಂಗಗಳನ್ನು ಮುಟ್ಟಿದ್ದ ಅರಣ್ಯ ಸಿಬ್ಬಂದಿಗೆ ಸೋಂಕು ತಗಲಿದ ಮೇಲೆ ಚಿತ್ರ ಬದಲಾಯಿತು: ಪಕ್ಕದ ನೀಲಗಿರಿಯ ಮಂಗಗಳಲ್ಲಿ, 2013ರಲ್ಲಿ ಕೇರಳದ ವಯನಾಡಿನಲ್ಲಿ, 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ರೋಗ ಪತ್ತೆಯಾಗಿ, ಪಶ್ಚಿಮ ಘಟ್ಟದ ಉದ್ದಕ್ಕೂ ಅದರ ನೆಲೆಗಳು ಚಾಚಿರುವುದು ಸ್ಪಷ್ಟವಾಯಿತು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಲಿನ ಹಳ್ಳಿಗಳು ನರಳಿದವು; 2024ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರುಗಳಲ್ಲಿ ಮತ್ತೆ ಸಾವುಗಳಾದವು.

ಈ ಹಿಗ್ಗುವಿಕೆಗೆ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಮೊದಲನೆಯದು ನೆಲದಲ್ಲಾದ ಬದಲಾವಣೆ: ದಟ್ಟ ಕಾಡು ಒಂದೇ ಹಾಸಾಗಿದ್ದಾಗ ಮನುಷ್ಯ ಮತ್ತು ಕಾಡುಪ್ರಾಣಿಗಳ ನಡುವೆ ಅಂತರವಿರುತ್ತದೆ, ಆದರೆ ಕಾಡು ತುಂಡುತುಂಡಾಗಿ ನಡುವೆ ತೋಟ, ಗದ್ದೆ, ಮನೆಗಳು ಬಂದು ಅಂಚುಗಳಲ್ಲಿ ಲಂಟಾನದ ಪೊದೆ ಬೆಳೆದಾಗ, ಸಣ್ಣ ಪ್ರಾಣಿಗಳು, ಮಂಗಗಳು, ದನಗಳು ಮತ್ತು ಮನುಷ್ಯರು ಒಂದೇ ಅಂಚಿನಲ್ಲಿ ಓಡಾಡತೊಡಗಿ ಉಣುಗಿಗೆ ಎಲ್ಲರ ಮೈಯೂ ಕೈಗೆಟುಕುತ್ತದೆ. ಎರಡನೆಯದು ಪತ್ತೆಯ ಶಕ್ತಿಯಲ್ಲಾದ ಬದಲಾವಣೆ: ವೈರಾಣುವಿನ ಆನುವಂಶಿಕ ವಸ್ತುವನ್ನೇ ಗುರುತಿಸುವ ಪರೀಕ್ಷೆಗಳು ಬಂದ ಮೇಲೆ, ಹಿಂದೆ ಬರೀ ಜ್ವರ ಎಂದು ಬರೆದಿಟ್ಟು ಮರೆತಿರಬಹುದಾದ ರೋಗಗಳಿಗೂ ಹೆಸರು ಸಿಗುತ್ತಿದೆ. ನಕಾಶೆಯಲ್ಲಿ ಹೊಸ ಚುಕ್ಕೆ ಮೂಡಿದ ಮಾತ್ರಕ್ಕೆ ರೋಗ ಅಲ್ಲಿಗೆ ಈಗಷ್ಟೇ ಬಂದಿತೆಂದು ಹೇಳಲಾಗುವುದಿಲ್ಲ. ಹುಡುಕಿದಲ್ಲಿ ಮಾತ್ರ ಸಿಗುವ ರೋಗವಿದು.

ಬಯಲಿನ ಮೂರು ಊರುಗಳು

ತುಮಕೂರು ನಗರದ ನಡುವೆ ಹಾದುಹೋಗುವ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರುಗಳ ಮೂಲಕ ಶಿವಮೊಗ್ಗ, ಸಾಗರಗಳನ್ನು ತಲಪುತ್ತದೆ. ಕುಣಿಗಲ್ ಮೂಲಕ ಸಾಗುವ ಹೆದ್ದಾರಿ ಹಾಸನ, ಸಕಲೇಶಪುರ ದಾಟಿ ಮಂಗಳೂರು ಸೇರುತ್ತದೆ. ಸಿಗಂದೂರು, ಜೋಗ, ಕೊಡಚಾದ್ರಿಗೆ ಒಂದು ದಾರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನಲ್ಲೇ ಇರುವ ಧರ್ಮಸ್ಥಳಕ್ಕೆ ಇನ್ನೊಂದು ದಾರಿಯಲ್ಲಿ ಈ ಊರುಗಳ ಯಾತ್ರಿಕರು ವರ್ಷವಿಡೀ ಹೋಗಿಬರುತ್ತಾರೆ. ಶಾಲೆಗಳ ಶೈಕ್ಷಣಿಕ ಪ್ರವಾಸಗಳು ಹೊರಡುವ ಡಿಸೆಂಬರ್, ಜನವರಿ ತಿಂಗಳುಗಳು ಮಂಗನ ಕಾಯಿಲೆಯ ಕಾಲದೊಳಗೇ ಬೀಳುತ್ತವೆ. ದೇವಸ್ಥಾನಕ್ಕೆ ಹೋಗಿ ಊಟ ಮಾಡಿ ಬಸ್ಸು ಹತ್ತುವವರಿಗೆ ಇದರಿಂದ ಭಯವಿಲ್ಲ. ಕಾಡುದಾರಿಯಲ್ಲಿ ಚಾರಣ ಮಾಡುವವರು, ದರಗೆಲೆಯ ಮೇಲೆ ಕೂತು ಮಲಗುವವರು, ಮಲೆನಾಡಿನ ತೋಟಗಳಿಗೆ ಕೂಲಿಗೆ ಹೋಗುವವರು ಮಾತ್ರ ಎಚ್ಚರಿಕೆಯಿಂದಿರಬೇಕು.

ತುಮಕೂರಿನ ಬಯಲು ಮಂಗನ ಕಾಯಿಲೆಯ ಸೀಮೆಯಲ್ಲ. ದೇವರಾಯನದುರ್ಗದಲ್ಲಿ ಕೋತಿಗಳು ಬೇಕಾದಷ್ಟಿದ್ದರೂ, ಅಲ್ಲಿನದು ಒಣ ಎಲೆಯುದುರುವ ಕಾಡು ಮತ್ತು ಕುರುಚಲು. ಮಂಗನ ಕಾಯಿಲೆಯ ಉಣುಗು ನೆಚ್ಚುವುದು ಘಟ್ಟದ ತೇವದ ಕಾಡನ್ನು. ಗುಬ್ಬಿಯ ಅಡಕೆ ತೋಟಗಳೂ ಮಲೆನಾಡಿನ ತೋಟಗಳಂತೆ ಸೊಪ್ಪಿನ ಬೆಟ್ಟಕ್ಕೆ ಅಂಟಿಕೊಂಡವಲ್ಲ. ಕೆರೆ ಮತ್ತು ಕೊಳವೆಬಾವಿಯ ನೀರಿನ ಆಸರೆಯಲ್ಲಿ ತೆಂಗಿನ ಜೊತೆ ಬೆಳೆದ ಬಯಲು ತೋಟಗಳು. ಸೋಂಕು ತಗಲಿಸಿಕೊಂಡ ಪ್ರವಾಸಿಯೊಬ್ಬ ಊರಿಗೆ ಮರಳಿ ಮಲಗಿದರೂ ಅವನಿಂದ ಊರಿನಲ್ಲಿ ರೋಗ ನೆಲೆಯೂರುವುದಿಲ್ಲ. ಆದ್ದರಿಂದ ಕೋತಿ ಕಂಡಲ್ಲೆಲ್ಲ ಹೆದರುವುದಾಗಲಿ, ಅವುಗಳನ್ನು ಹೊಡೆದು ಓಡಿಸುವುದಾಗಲಿ ಅನಗತ್ಯ. ಆದರೆ ಕೋತಿ ಸತ್ತು ಬಿದ್ದದ್ದು ಎಲ್ಲೇ ಕಂಡರೂ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ರೂಢಿ.

ಬಯಲಿಗೆ ಹತ್ತಿರದ ಉಣುಗು ಜ್ವರ ಬೇರೆಯದು. ಭಾರತೀಯ ಉಣುಗು ಟೈಫಸ್ ಎಂದು ವೈದ್ಯರು ಕರೆಯುವ ಇದು ರಿಕೆಟ್ಸಿಯಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದಿಂದ ಬರುತ್ತದೆ. 20ನೇ ಶತಮಾನದ ಆರಂಭದಲ್ಲಿ ಹಿಮಾಲಯದ ಕುಮಾವೂನ್ ಬೆಟ್ಟಗಳಲ್ಲಿ ಗುರುತಿಸಲಾದ ಈ ಜ್ವರ ಈಗ ದೇಶದ ಹಲವು ಭಾಗಗಳಲ್ಲಿ, ಕರ್ನಾಟಕದ ಹಲವು ಜಿಲ್ಲೆಗಳ ಮಕ್ಕಳ ಆಸ್ಪತ್ರೆಗಳಲ್ಲೂ ಕಂಡುಬಂದಿದೆ. ನಾಯಿಗಳ ಕಿವಿ, ಬೆರಳ ಸಂದುಗಳಲ್ಲಿ ಕಚ್ಚಿಕೊಂಡಿರುವ ಕಂದು ಬಣ್ಣದ ನಾಯಿ ಉಣುಗು ಇದರ ಮುಖ್ಯ ವಾಹಕಗಳಲ್ಲೊಂದು. ಈ ಉಣುಗಿಗೆ ಕಾಡೇ ಬೇಕಾಗಿಲ್ಲ. ಮನೆಯ ಗೋಡೆಯ ಬಿರುಕು, ನಾಯಿ ಮಲಗುವ ಜಗಲಿಯ ಮೂಲೆ ಸಾಕು. ಮಕ್ಕಳು ನಾಯಿಗಳೊಡನೆ ಆಡುವಾಗ, ಬರಿಗೈಯಲ್ಲಿ ಉಣುಗು ಕಿತ್ತು ಉಗುರಿನಲ್ಲಿ ಹೊಸಕುವಾಗ ಸೋಂಕು ತಗಲುವ ಸಾಧ್ಯತೆ ಇರುತ್ತದೆ. ನಾಲ್ಕೈದು ದಿನ ಬಿಡದ ಜ್ವರ, ತಲೆನೋವು, ಅಂಗೈ ಅಂಗಾಲುಗಳಿಗೂ ಹರಡುವ ಕೆಂಪು ದದ್ದು, ಕೆಲವರಲ್ಲಿ ಕಚ್ಚಿದ ಜಾಗದಲ್ಲಿ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆ, ಇವು ಇದರ ಗುರುತುಗಳು. ಇದರ ಸೋದರನಂತಿರುವ ಸ್ಕ್ರಬ್ ಟೈಫಸ್‌ನಲ್ಲೂ ಕಪ್ಪು ಹಕ್ಕಳೆ ಮೂಡುತ್ತದೆ, ಆದರೆ ಅದು ಬರುವುದು ಉಣುಗಿನಿಂದಲ್ಲ, ಹುಲ್ಲು ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಯ ಕಡಿತದಿಂದ.

ಮಂಗನ ಕಾಯಿಲೆಗೂ ಟೈಫಸ್ ಜ್ವರಗಳಿಗೂ ಇರುವ ದೊಡ್ಡ ವ್ಯತ್ಯಾಸ ಚಿಕಿತ್ಸೆಯದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ, ಎಲ್ಲೆಡೆ ಸಿಗುವ ಮಾತ್ರೆಯನ್ನು ಬೇಗ ಆರಂಭಿಸಿದರೆ ಟೈಫಸ್ ಜ್ವರ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳುಗಳಿಗೆ ತೊಂದರೆಯಾಗಿ ಸಾವೂ ಸಂಭವಿಸುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಚಿಕಿತ್ಸೆ ತಡಮಾಡಬಾರದೆಂಬುದು ಈ ರೋಗಗಳ ಚಿಕಿತ್ಸೆಯ ಒಪ್ಪಿತ ನಿಯಮ. ಹಳೆಯ ವೈಲ್–ಫೆಲಿಕ್ಸ್ ಪರೀಕ್ಷೆ ಅಗ್ಗವಾದರೂ ರೋಗವಿದ್ದವರಲ್ಲಿ ಅನೇಕರನ್ನು ಗುರುತಿಸದೆ ಬಿಡುವುದರಿಂದ, ಅದು ಇಲ್ಲ ಎಂದದ್ದನ್ನು ನಂಬಿ ಕೂರುವುದು ಅಪಾಯ.

ತುಮಕೂರು ಜಿಲ್ಲೆ ಜಾನುವಾರುಗಳ ಜಿಲ್ಲೆಯೂ ಹೌದು. ಗುಬ್ಬಿ, ಕುಣಿಗಲ್‌ಗಳ ಮನೆಮನೆಯಲ್ಲಿ ಹಾಲಿನ ಹಸುಗಳಿವೆ, ಶಿರಾ, ಪಾವಗಡಗಳ ಕಡೆ ಕುರಿಮಂದೆಗಳಿವೆ, ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೊರ ಜಿಲ್ಲೆಗಳಿಂದಲೂ ರಾಸುಗಳು ಬರುತ್ತವೆ. ಮಿಶ್ರತಳಿ ಹಸುಗಳನ್ನು ಕೊಲ್ಲುವ ಥೈಲೇರಿಯಾ ರೋಗವನ್ನು ಹಾಲು ಉತ್ಪಾದಕರು ಬಲ್ಲರು. ಅದೂ ಉಣುಗಿನಿಂದಲೇ ಬರುತ್ತದೆ, ಆದರೆ ಹಸುವಿನ ಆ ರೋಗ ಮನುಷ್ಯನಿಗೆ ತಗಲುವುದಿಲ್ಲ. ಜಾನುವಾರು ಉಣುಗಿನಿಂದ ಮನುಷ್ಯನಿಗೆ ಬರುವ ಗಂಭೀರ ರೋಗವೆಂದರೆ ಕ್ರೈಮಿಯನ್ ಕಾಂಗೋ ರಕ್ತಸ್ರಾವ ಜ್ವರ. ಭಾರತದಲ್ಲಿ ಅದು ಮೊದಲು ದೃಢಪಟ್ಟದ್ದು 2011ರ ಜನವರಿಯಲ್ಲಿ, ಗುಜರಾತಿನ ಸಾಣಂದ್ ಬಳಿ. ರೋಗಿಯ ಜೊತೆಗೆ ಚಿಕಿತ್ಸೆ ನೀಡಿದ ವೈದ್ಯರೂ ಶುಶ್ರೂಷಕಿಯೂ ತೀರಿಕೊಂಡರು, ಏಕೆಂದರೆ ಮಂಗನ ಕಾಯಿಲೆಯಂತಲ್ಲದೆ ಇದು ರೋಗಿಯ ರಕ್ತದ ಸಂಪರ್ಕದಿಂದಲೂ ದಾಟುತ್ತದೆ. ಗುಜರಾತ್, ರಾಜಸ್ಥಾನಗಳಲ್ಲಿ ಹೆಚ್ಚಾಗಿ ಕಂಡಿರುವ ಈ ಜ್ವರ, ದೂರದೂರಿನ ಜಾನುವಾರು ಸಾಗಣೆ ನಡೆಯುವ ಎಲ್ಲ ಕಡೆ ಪಶುವೈದ್ಯರೂ ಮನುಷ್ಯರ ವೈದ್ಯರೂ ಕೂಡಿ ಕೆಲಸ ಮಾಡಬೇಕೆಂಬ ಪಾಠವನ್ನು ಕಲಿಸಿದೆ.

ಎಚ್ಚರ ಮತ್ತು ಹೊಣೆ

ಉಣುಗು ಜ್ವರಗಳನ್ನು ತಡೆಯುವ ಮೊದಲ ಹೆಜ್ಜೆ ಮೈಯನ್ನು ನೋಡಿಕೊಳ್ಳುವುದು. ಕಾಡಿಗೆ ಹೋಗುವವರು ಮೈ ತುಂಬ ಬಟ್ಟೆ ತೊಟ್ಟು, ಕೈಕಾಲುಗಳಿಗೆ ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೀಪಾ ತೈಲದಂಥ ಉಣುಗು ನಿವಾರಕ ಹಚ್ಚಿಕೊಂಡು, ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಬದಿ, ಕೂದಲಿನ ಅಂಚುಗಳನ್ನು ಪರೀಕ್ಷಿಸಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆದು ತೆಗೆಯಬೇಕು; ಸೀಮೆಎಣ್ಣೆ ಸುರಿಯುವುದು, ಬೀಡಿಯ ಕಿಡಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಸೋಂಕನ್ನು ಹೆಚ್ಚಿಸಬಲ್ಲ ಅಭ್ಯಾಸಗಳು. ಬಯಲಿನ ಮನೆಗಳಲ್ಲಿ ಸಾಕುನಾಯಿ ಮತ್ತು ರಾಸುಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗು ನಾಶಕ ಕೊಡಿಸುವುದು, ಕೊಟ್ಟಿಗೆಯ ಬಿರುಕುಗಳನ್ನು ಮುಚ್ಚುವುದು, ನಾಯಿ ಮಲಗುವ ಜಾಗವನ್ನು ಶುಚಿಯಾಗಿಡುವುದು ಇಷ್ಟೇ ಮುಖ್ಯ.

ಎರಡನೆಯ ಹೆಜ್ಜೆ ವೈದ್ಯರ ಮುಂದೆ ಸರಿಯಾದ ಮಾಹಿತಿ ಇಡುವುದು. ಡೆಂಗಿ, ಇಲಿಜ್ವರ, ಟೈಫಾಯಿಡ್, ಟೈಫಸ್, ಮಂಗನ ಕಾಯಿಲೆ ಎಲ್ಲವೂ ಮೊದಲ ದಿನಗಳಲ್ಲಿ ಒಂದೇ ಬಗೆಯ ಜ್ವರವಾಗಿ ತೋರುತ್ತವೆ. ಕಳೆದ ಮೂರು ವಾರಗಳಲ್ಲಿ ಯಾವ ಊರಿಗೆ ಹೋಗಿದ್ದರು, ಕಾಡು ಹೊಕ್ಕಿದ್ದರೇ, ಮನೆಯ ನಾಯಿಗೆ ಉಣುಗು ಇದೆಯೇ ಎಂಬ ಮಾತುಗಳನ್ನು ವೈದ್ಯರು ಕೇಳುವ ಮೊದಲೇ ರೋಗಿ ಹೇಳಿದರೆ, ತುಮಕೂರಿನ ವೈದ್ಯರಿಗೆ ರಕ್ತದ ಮಾದರಿಯನ್ನು ಸಕಾಲಕ್ಕೆ ಸರಿಯಾದ ಪ್ರಯೋಗಾಲಯಕ್ಕೆ ಕಳಿಸಲು ದಾರಿಯಾಗುತ್ತದೆ. ಜ್ವರದ ಮೊದಲ ದಿನಗಳಲ್ಲಿ ವೈರಾಣುವನ್ನೇ ಹುಡುಕುವ ಪರೀಕ್ಷೆಯೂ, ಅದರ ನಂತರ ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆಯೂ ಉಪಯುಕ್ತವಾದ್ದರಿಂದ, ಜ್ವರ ಬಂದ ದಿನಾಂಕವನ್ನು ನೆನಪಿಟ್ಟು ಹೇಳುವುದೂ ಅಗತ್ಯ.

ಮೂರನೆಯದು ಸರ್ಕಾರದ ಹೊಣೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತಿದ್ದ ಮಂಗನ ಕಾಯಿಲೆಯ ಹಳೆಯ ಲಸಿಕೆ, ಮತ್ತೆ ಮತ್ತೆ ಹಾಕಿಸಿದರೂ ಸಾಕಷ್ಟು ರಕ್ಷಣೆ ನೀಡದ ಕಾರಣ 2022ರಲ್ಲಿ ನಿಂತಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ರೋಗ ಗುರುತಿಸಿ ಆರು ದಶಕಗಳು ಕಳೆದ ಮೇಲೂ ಮಲೆನಾಡಿನ ಕೃಷಿಕ ಲಸಿಕೆಯಿಲ್ಲದೆ ಪ್ರತಿ ಬೇಸಿಗೆಯನ್ನು ಎದುರಿಸಬೇಕಾಗಿರುವುದು ನ್ಯಾಯವಲ್ಲ. ಹೊಸ ಲಸಿಕೆ ಬರುವವರೆಗೂ, ಬಂದ ಮೇಲೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಸಿಸೈಕ್ಲಿನ್ ಸದಾ ಇರಬೇಕು, ತುಮಕೂರಿನಂಥ ಜಿಲ್ಲಾ ಆಸ್ಪತ್ರೆಗಳಲ್ಲಿ ಟೈಫಸ್ ಜ್ವರದ ನಂಬಲರ್ಹ ಪರೀಕ್ಷೆ ದೊರೆಯಬೇಕು, ಆರೋಗ್ಯ, ಪಶುಸಂಗೋಪನೆ ಮತ್ತು ಅರಣ್ಯ ಇಲಾಖೆಗಳು ಸತ್ತ ಮಂಗ, ಉಣುಗು ಹೆಚ್ಚಿದ ಕೊಟ್ಟಿಗೆ, ಕಾರಣ ತಿಳಿಯದ ಜ್ವರ ಈ ಮೂರರ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಬೇಕು. ಓದುಗರು ತಮ್ಮ ಪಾಲಿಗೆ ಮಾಡಬೇಕಾದದ್ದು ಇಷ್ಟು: ಕಾಡಿನಿಂದ ಮರಳಿದವರಿಗೆ, ನಾಯಿ ದನಗಳೊಡನೆ ಒಡನಾಡುವ ಮಕ್ಕಳಿಗೆ ಎರಡು ದಿನ ಮೀರಿ ಜ್ವರವಿದ್ದರೆ ಅಂಗಡಿಯ ಮಾತ್ರೆಯಲ್ಲಿ ಕಾಲ ಕಳೆಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ, ಉಣುಗಿನ ವಿಷಯವನ್ನು ನೀವಾಗಿಯೇ ಹೇಳಿರಿ.